ವಲಸಿಗರು, ನಿರಾಶ್ರಿತರ ಆರೋಗ್ಯ ಕೆಲಸಕ್ಕೆ ಕೌಂಟಿ ಹಣ: ಅಮೆರಿಕದ ಸಣ್ಣ ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ದೇವಸ್ಥಾನದ ಹಾಲ್‌ನಲ್ಲೋ ಮಸೀದಿಯ ಅಂಗಳದಲ್ಲೋ ಕೂತು ಬಿಪಿ ನೋಡುವುದು. ಮಗುವಿಗೆ ಲಸಿಕೆ ಹಾಕಿಸಲು ತಾಯಿಯನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗುವುದು. ಆಸ್ಪತ್ರೆಯಿಂದ ಬಂದ ಇಂಗ್ಲಿಷ್ ಕಾಗದವನ್ನು ಅವರ ಭಾಷೆಯಲ್ಲಿ ಓದಿ ಹೇಳುವುದು. ಅಮೆರಿಕದ ಎಷ್ಟೋ ಊರುಗಳಲ್ಲಿ ಈ ಕೆಲಸ ನಡೆಯುತ್ತಿರುವುದು ಕೈಯಿಂದ ದುಡ್ಡು ಹಾಕಿಕೊಂಡು ಓಡಾಡುವ ನಾಲ್ಕಾರು ಜನರಿಂದ. ಇದಕ್ಕೆ ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಅಥವಾ ಸಿಟಿಯ ಹಣ ಸಿಗುತ್ತದೆ ಎಂಬುದು ಅವರಲ್ಲಿ ಹಲವರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದವರು "ಅದೆಲ್ಲ ದೊಡ್ಡ ಸಂಸ್ಥೆಗಳಿಗೆ ಬಿಡಿ" ಅನ್ನುತ್ತಾರೆ.

ದೊಡ್ಡ ಸಂಸ್ಥೆಗಳಿಗೇ ಜಾಸ್ತಿ ಸಿಗುತ್ತದೆ, ನಿಜ. ಆದರೆ ಸಣ್ಣವರು ಸೋಲುವುದು ಕೆಲಸ ಚೆನ್ನಾಗಿಲ್ಲ ಅಂತಲ್ಲ. ತಡವಾಗಿ ಹೋಗುತ್ತಾರೆ, ಎಲ್ಲರಿಗೂ ಎಲ್ಲವನ್ನೂ ಮಾಡುತ್ತೇವೆ ಎಂದು ಬರೆಯುತ್ತಾರೆ, ಬಜೆಟ್‌ನಲ್ಲಿ ತಮ್ಮ ಜನರ ಸಂಬಳವನ್ನೇ ಹಾಕುವುದಿಲ್ಲ. ಈ ಮೂರನ್ನು ಸರಿಮಾಡಿಕೊಂಡರೆ ಸಣ್ಣ ಗುಂಪಿಗೂ ದಾರಿ ಇದೆ. ಅಮೆರಿಕದ ಕನ್ನಡ ಸಂಘಗಳಲ್ಲಿ ಆರೋಗ್ಯ ಶಿಬಿರ ನಡೆಸುವವರು, ನಿರಾಶ್ರಿತ ಕುಟುಂಬಗಳ ಜೊತೆ ಕೆಲಸ ಮಾಡುವ ಕನ್ನಡಿಗರು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಈಗ ಸ್ಥಳೀಯ ಹಣಕ್ಕೆ ಏಕಿಷ್ಟು ಮಹತ್ವ

ನಿರಾಶ್ರಿತರಾಗಿ ಬಂದವರಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಆಸರೆ ಬೇಗ ಕಿರಿದಾಗುತ್ತಿದೆ. ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಸಿಗದ ನಿರಾಶ್ರಿತರಿಗೆ ರೆಫ್ಯೂಜಿ ಮೆಡಿಕಲ್ ಅಸಿಸ್ಟೆನ್ಸ್ ಎಂಬ ಯೋಜನೆ ಇದೆ. ಅದರ ಅವಧಿ 12 ತಿಂಗಳಿತ್ತು. 2025ರ ಮೇ ತಿಂಗಳಿನಿಂದ ಹೊಸಬರಿಗೆ ಅದು 4 ತಿಂಗಳಿಗೆ ಇಳಿಯಿತು. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಇದೆ. 2026ರ ಅಕ್ಟೋಬರ್ 1ರಿಂದ, ಗ್ರೀನ್ ಕಾರ್ಡ್ ಇನ್ನೂ ಸಿಗದ ನಿರಾಶ್ರಿತರಲ್ಲಿ ಮತ್ತು ಆಶ್ರಯ ಪಡೆದವರಲ್ಲಿ ಬಹುತೇಕರಿಗೆ ಫೆಡರಲ್ ಮೆಡಿಕೇಡ್ ಇಲ್ಲ. ಗ್ರೀನ್ ಕಾರ್ಡ್ ಪಡೆದ ಇತರ ವಲಸಿಗರಲ್ಲೂ ಹೆಚ್ಚಿನವರು 1996ರ ಕಾನೂನಿನಿಂದಾಗಿ ಮೆಡಿಕೇಡ್‌ಗೆ 5 ವರ್ಷ ಕಾಯಬೇಕು.

ಇಷ್ಟೆಲ್ಲ ಆದಾಗ ಜನ ಎಲ್ಲಿಗೆ ಬರುತ್ತಾರೆ? ಕೌಂಟಿ ಕ್ಲಿನಿಕ್‌ಗೆ, ಇಲ್ಲವೇ ಎಮರ್ಜೆನ್ಸಿ ರೂಮ್‌ಗೆ. ಹಾಗಾಗಿ ಇದು ಕೌಂಟಿಯ ತಲೆನೋವೂ ಹೌದು. ನಿಮ್ಮ ಮಾತು ಶುರುವಾಗಬೇಕಾದದ್ದು ಅಲ್ಲಿಂದ. ನೀವು ದಾನ ಕೇಳಲು ಹೋಗುತ್ತಿಲ್ಲ. ಕೌಂಟಿ ಮಾಡಲೇಬೇಕಾದ, ಆದರೆ ತನ್ನ ಕೈಯಿಂದ ಮಾಡಲಾಗದ ಕೆಲಸವನ್ನು ಮಾಡಿಕೊಡಲು ಹೋಗುತ್ತಿದ್ದೀರಿ.

ಮಿನೆಸೋಟದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಅಲ್ಲಿ ದಡಾರ ಹಬ್ಬಿತು. 75 ಪ್ರಕರಣಗಳು, ಹೆಚ್ಚಿನವರು ಸೊಮಾಲಿ ಮನೆಗಳ ಮಕ್ಕಳು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಸುಳ್ಳು ಆ ಸಮುದಾಯದಲ್ಲಿ ವರ್ಷಗಟ್ಟಲೆ ಹರಡಿತ್ತು. ಇಂಗ್ಲಿಷ್ ಕರಪತ್ರದಿಂದ ಹೋಗುವ ಭಯವಲ್ಲ ಅದು. ಸೊಮಾಲಿ ಮಾತನಾಡುವ ಆರೋಗ್ಯ ಕಾರ್ಯಕರ್ತರು, ಇಮಾಮರು ಮನೆಮನೆಯ ಜನರ ಜೊತೆ ಮಾತಿಗೆ ಇಳಿಯಬೇಕಾಯಿತು. ಆ ನಂಟು ರೋಗ ಬರುವುದಕ್ಕೆ ಮೊದಲೇ ಇರಬೇಕು. ಅದನ್ನು ಕಟ್ಟಿ ಉಳಿಸಿಕೊಳ್ಳಲು ಬೇಕಾದ ಹಣವನ್ನೇ ನಾವು ಕೇಳುವುದು.

ಹೆಜ್ಜೆ 1: ಹಣದ ಮೂಲ ಯಾವುದು ಅಂತ ಪತ್ತೆಹಚ್ಚಿ

"ಕೌಂಟಿ ಗ್ರಾಂಟ್" ಅನ್ನುವ ಒಂದೇ ಗಂಟು ಎಲ್ಲೂ ಇಲ್ಲ. ಹಣ ಬೇರೆಬೇರೆ ಕಡೆಯಿಂದ ಬರುತ್ತದೆ, ಪ್ರತಿಯೊಂದಕ್ಕೂ ಅದರದ್ದೇ ಷರತ್ತು.

ಆಸ್ತಿ ತೆರಿಗೆ, ಮಾರಾಟ ತೆರಿಗೆಯಿಂದ ಬರುವ ಜನರಲ್ ಫಂಡ್ ಎಲ್ಲಕ್ಕಿಂತ ಸಡಿಲ. ಫೆಡರಲ್ ಷರತ್ತುಗಳು ಇದಕ್ಕೆ ಅಂಟಿಕೊಂಡಿರುವುದಿಲ್ಲ. ಆದ್ದರಿಂದ ವಲಸಿಗರ ಕೆಲಸಕ್ಕೆ ಮೊದಲು ಇದನ್ನೇ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಲವು ಕಡೆ ಮತದಾರರೇ ಒಪ್ಪಿದ ವಿಶೇಷ ತೆರಿಗೆ ಇರುತ್ತದೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಮಕ್ಕಳ ಆರೋಗ್ಯ, ಬೆಳವಣಿಗೆಗಾಗಿ 'ಬೆಸ್ಟ್ ಸ್ಟಾರ್ಟ್ಸ್ ಫಾರ್ ಕಿಡ್ಸ್' ಎಂಬ ಆಸ್ತಿ ತೆರಿಗೆಗೆ 2015ರಲ್ಲಿ ಜನ ಮತ ಹಾಕಿದರು, 2021ರಲ್ಲಿ ಮುಂದುವರಿಸಿದರು. ನ್ಯೂಯಾರ್ಕ್ ಸಿಟಿಯಲ್ಲಿ ಕೌನ್ಸಿಲ್ ಸದಸ್ಯರು ತಮ್ಮ ವಿವೇಚನೆಯ ಹಣವನ್ನು ಸ್ಥಳೀಯ ಸಂಸ್ಥೆಗಳಿಗೆ ಹಂಚುತ್ತಾರೆ. ನಿಮ್ಮ ಊರಿನಲ್ಲಿ ಇಂಥದ್ದು ಇದೆಯಾ ಅಂತ ನಿಮ್ಮ ಕೌಂಟಿಯ ಚುನಾಯಿತ ಸೂಪರ್‌ವೈಸರ್, ಕಮಿಷನರ್ ಅಥವಾ ಕೌನ್ಸಿಲ್ ಸದಸ್ಯರ ಕಚೇರಿಗೆ ಫೋನ್ ಮಾಡಿ ಕೇಳಿ. ಐದು ನಿಮಿಷದ ಕೆಲಸ.

ಸಿಡಿಬಿಜಿ, ಅಂದರೆ ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್, 1974ರಿಂದ ನಡೆದುಬಂದಿದೆ. ಹಣ ಫೆಡರಲ್, ಹಂಚುವುದು ಸ್ಥಳೀಯ ಸರ್ಕಾರ. ಆರೋಗ್ಯ ಸೇವೆಯಂಥ ಸಾರ್ವಜನಿಕ ಸೇವೆಗಳಿಗೆ ಸಾಮಾನ್ಯವಾಗಿ ಇದರ ಶೇ. 15ಕ್ಕಿಂತ ಹೆಚ್ಚು ಹೋಗುವ ಹಾಗಿಲ್ಲ. ಹಾಗಾಗಿ ಪೈಪೋಟಿ ಜೋರು.

ಓಪಿಯಾಯ್ಡ್ (ಚಟ ಹಿಡಿಸುವ ನೋವು ನಿವಾರಕ) ಕಂಪನಿಗಳ ಜೊತೆಗಿನ ಮೊಕದ್ದಮೆಗಳ ರಾಜಿಯಿಂದ ದೇಶದಾದ್ಯಂತ 50 ಬಿಲಿಯನ್ ಡಾಲರ್‌ಗೂ ಹೆಚ್ಚು ಹಣ ವರ್ಷಗಳ ಕಂತಿನಲ್ಲಿ ರಾಜ್ಯಗಳಿಗೆ, ಕೌಂಟಿಗಳಿಗೆ ಬರುತ್ತಿದೆ. ವ್ಯಸನದ ಬಗ್ಗೆ ಇಂಗ್ಲಿಷ್ ಬಾರದ ಮನೆಗಳಲ್ಲಿ ಮಾತನಾಡುವವರು ಕಡಿಮೆ. ನಿಮ್ಮ ಕೆಲಸಕ್ಕೂ ವ್ಯಸನದ ವಿಷಯಕ್ಕೂ ನೇರ ಸಂಬಂಧ ಇದ್ದರೆ ಮಾತ್ರ ಇಲ್ಲಿ ಕೇಳಿ.

ಕೋವಿಡ್ ಕಾಲದಲ್ಲಿ ರಾಜ್ಯ, ಸ್ಥಳೀಯ ಸರ್ಕಾರಗಳಿಗೆ ಬಂದ ಎಆರ್‌ಪಿಎ ಎಂಬ ಫೆಡರಲ್ ನೆರವಿನ ಹಣವನ್ನು ಮಾತ್ರ ನಂಬಿಕೊಳ್ಳಬೇಡಿ. 350 ಬಿಲಿಯನ್ ಡಾಲರ್‌ನ ಆ ನಿಧಿಯನ್ನು ಯಾವುದಕ್ಕೆ ಎಂದು ನಿಗದಿಮಾಡುವ ಗಡುವು 2024ರ ಡಿಸೆಂಬರ್ 31ಕ್ಕೇ ಮುಗಿದಿದೆ. ಖರ್ಚು ಮಾಡಲು ಕೊಟ್ಟ ಗಡುವು 2026ರ ಡಿಸೆಂಬರ್ 31. ಆ ಹಣದಿಂದ ಶುರುವಾದ ಎಷ್ಟೋ ಆರೋಗ್ಯ ಕಾರ್ಯಕರ್ತರ ಕೆಲಸಗಳು ಈ ಕಾರಣಕ್ಕೇ ನಿಲ್ಲುತ್ತಿವೆ. ನಿಮ್ಮ ಕೌಂಟಿಯಲ್ಲಿ ಯಾವುದು ನಿಲ್ಲುತ್ತಿದೆ ಎಂದು ತಿಳಿದುಕೊಂಡರೆ, ಯಾವ ಜಾಗ ಖಾಲಿಯಾಗಲಿದೆ ಎಂಬುದೂ ಗೊತ್ತಾಗುತ್ತದೆ.

ಹೆಜ್ಜೆ 2: ಕ್ಯಾಲೆಂಡರ್ ಮೊದಲು, ಅರ್ಜಿ ಆಮೇಲೆ

ಎಷ್ಟೋ ಕೌಂಟಿಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಕೆಲವು ಕಡೆ ಜನವರಿ, ಕೆಲವು ಕಡೆ ಅಕ್ಟೋಬರ್. ಜುಲೈ ಎಂದಿಟ್ಟುಕೊಳ್ಳಿ. ಆರೋಗ್ಯ ಇಲಾಖೆ ತನ್ನ ಬೇಡಿಕೆ ಪಟ್ಟಿ ಮಾಡುವುದು ಚಳಿಗಾಲದಲ್ಲಿ. ಬಜೆಟ್ ಮೇಲೆ ಸಾರ್ವಜನಿಕ ಸಭೆ ನಡೆಯುವುದು ಮೇ, ಜೂನ್‌ನಲ್ಲಿ. ನೀವು ಜೂನ್‌ನಲ್ಲಿ ಹೋಗಿ ನಿಂತರೆ ಅನ್ನ ಆಗಲೇ ಬಡಿಸಿ ಆಗಿರುತ್ತದೆ. ಹಿಂದಿನ ನವೆಂಬರ್‌ನಲ್ಲೇ ಇಲಾಖೆಯವರನ್ನು ಭೇಟಿ ಮಾಡಬೇಕು.

ಭೇಟಿಗೆ ಮುಂಚೆ ಮೂರು ಕಾಗದ ಓದಿಕೊಳ್ಳಿ: ಕೌಂಟಿಯ ಈ ವರ್ಷದ ಬಜೆಟ್‌ನಲ್ಲಿ ಆರೋಗ್ಯ ಇಲಾಖೆಯ ಭಾಗ, ಇಲಾಖೆಯ ಸಮುದಾಯ ಆರೋಗ್ಯ ಸಮೀಕ್ಷೆ, ಹತ್ತಿರದ ಲಾಭರಹಿತ ಆಸ್ಪತ್ರೆಯ ಸಮೀಕ್ಷೆ. ಕೊನೆಯದನ್ನು ಆಸ್ಪತ್ರೆಗಳು 3 ವರ್ಷಕ್ಕೊಮ್ಮೆ ಮಾಡಲೇಬೇಕು, ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಅದರಲ್ಲಿ "ಭಾಷೆಯ ತೊಡಕು" ಎಂದು ಅವರೇ ಬರೆದಿದ್ದರೆ ಆ ಪುಟವನ್ನು ಪ್ರಿಂಟ್ ಹಾಕಿಕೊಂಡು ಹೋಗಿ. ಅವರ ಮಾತನ್ನೇ ಅವರ ಮುಂದಿಟ್ಟರೆ ಚರ್ಚೆ ಬೇಗ ಮುಂದೆ ಹೋಗುತ್ತದೆ.

ಜೊತೆಗೆ ಕೌಂಟಿಯ ಖರೀದಿ ವಿಭಾಗದ ವೆಬ್‌ಸೈಟ್‌ನಲ್ಲಿ ವೆಂಡರ್ ಆಗಿ ಹೆಸರು ನೋಂದಾಯಿಸಿ. ಆರ್‌ಎಫ್‌ಪಿ, ಅಂದರೆ ಅರ್ಜಿ ಕರೆಯುವ ಪ್ರಕಟಣೆ, ಹೊರಬಂದ ದಿನವೇ ಈಮೇಲ್ ಬರುತ್ತದೆ. ಅರ್ಜಿಗೆ ಸಿಗುವುದು ಕೆಲವೇ ವಾರ.

ಹೆಜ್ಜೆ 3: ಒಂದು ಗುಂಪು, ಒಂದು ತೊಂದರೆ

"ಎಲ್ಲ ವಲಸಿಗರ ಸಮಗ್ರ ಆರೋಗ್ಯ" ಎಂದು ಬರೆದ ಅರ್ಜಿಗೆ ಅಂಕ ಹಾಕುವುದು ಕಷ್ಟ. ಓದುವವರಿಗೆ ಏನು ನಡೆಯುತ್ತದೆ ಎಂಬ ಚಿತ್ರವೇ ಮೂಡುವುದಿಲ್ಲ. ಕಿರಿದು ಮಾಡಿ. ಯಾವ ಭಾಷೆಯವರು, ಯಾವ ಪ್ರದೇಶ, ಯಾವ ತೊಂದರೆ?

ಅಂಕಿಅಂಶಕ್ಕೆ ಎಲ್ಲರೂ ಮೊದಲು ಹೋಗುವುದು ಸೆನ್ಸಸ್ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆಗೆ. ಮನೆಯಲ್ಲಿ ಆಡುವ ಭಾಷೆ, ಇಂಗ್ಲಿಷ್ ಎಷ್ಟು ಬರುತ್ತದೆ ಎರಡೂ ಅದರಲ್ಲಿದೆ. ಆದರೆ ಆ ಪಟ್ಟಿಯನ್ನು ಹತ್ತಿರದಿಂದ ನೋಡಿ. ನಮ್ಮ ಕನ್ನಡ ಅಲ್ಲಿ ಒಂಟಿಯಾಗಿಲ್ಲ, "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಎಂಬ ಒಂದೇ ಸಾಲಿನಲ್ಲಿದೆ. ಅದರ ಹಾಗೇ "ನೇಪಾಳಿ, ಮರಾಠಿ ಅಥವಾ ಇತರ ಇಂಡಿಕ್ ಭಾಷೆಗಳು" ಎಂಬ ಸಾಲೂ ಇದೆ. ಐಟಿ ಕೆಲಸಕ್ಕೆ ಬಂದ ಪುಣೆಯ ಇಂಜಿನಿಯರ್, ಇಪ್ಪತ್ತು ವರ್ಷ ನೇಪಾಳದ ಶಿಬಿರದಲ್ಲಿದ್ದು ಬಂದ ಭೂತಾನಿ ನಿರಾಶ್ರಿತ ಅಜ್ಜ ಇಬ್ಬರೂ ಅಲ್ಲಿ ಒಂದೇ ಲೆಕ್ಕ. ಸರಾಸರಿ ತೆಗೆದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಅಜ್ಜ ಕಾಣಿಸುವುದೇ ಇಲ್ಲ.

ಆ ಅಜ್ಜನ ಸಮುದಾಯದ ಬಗ್ಗೆ ಗೊತ್ತಿರುವ ಸಂಗತಿಗಳು ಕಡಿಮೆಯೇನಲ್ಲ. 2008ರಿಂದ 90 ಸಾವಿರಕ್ಕೂ ಹೆಚ್ಚು ಭೂತಾನಿ ನಿರಾಶ್ರಿತರು ಅಮೆರಿಕಕ್ಕೆ ಬಂದರು. ಅವರಲ್ಲಿ ವಿಟಮಿನ್ ಬಿ12 ಕೊರತೆ ಇರುವುದನ್ನು ಫೆಡರಲ್ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರಲ್ಲಿ ವರದಿ ಮಾಡಿತು. ಆಮೇಲೆ ಅವರಲ್ಲಿ ಆಗುತ್ತಿದ್ದ ಆತ್ಮಹತ್ಯೆಗಳ ಬಗ್ಗೆಯೂ ತನಿಖೆ ನಡೆಸಿತು. ಇಷ್ಟು ನಿಖರವಾದ ತೊಂದರೆಗಳು ಜನಗಣತಿಯ ಸಾಲಿನಲ್ಲಿ ಎಲ್ಲಿ ಕಾಣುತ್ತವೆ ಹೇಳಿ?

ಹಾಗಾಗಿ ಸೆನ್ಸಸ್ ಜೊತೆಗೆ ಬೇರೆ ಮೂಲಗಳೂ ಬೇಕು. ಶಾಲಾ ಜಿಲ್ಲೆಯ ಬಳಿ ಮಕ್ಕಳ ಮನೆಮಾತಿನ ಪಟ್ಟಿ ಇರುತ್ತದೆ. ಕ್ಲಿನಿಕ್‌ಗಳ ಬಳಿ ಯಾವ ಭಾಷೆಗೆ ಎಷ್ಟು ಸಲ ದುಭಾಷಿಯನ್ನು ಕರೆದರು ಎಂಬ ಲೆಕ್ಕ ಇರುತ್ತದೆ. ರಾಜ್ಯದ ನಿರಾಶ್ರಿತರ ವಿಭಾಗದ ಬಳಿ ಬಂದವರ ಸಂಖ್ಯೆ ಇರುತ್ತದೆ. ಇವು ಯಾವುವೂ ಇಲ್ಲದಿದ್ದರೆ ನೀವೇ ಕೂತು ಒಂದು ಸಣ್ಣ ಸಮೀಕ್ಷೆ ಮಾಡಿ. ಆರೇಳು ಪ್ರಶ್ನೆ, ಅವರ ಭಾಷೆಯಲ್ಲಿ, ಹೆಸರು ಕೇಳದೆ. ಕೊನೆಯ ಸಲ ಡಾಕ್ಟರ್ ಹತ್ತಿರ ಹೋದದ್ದು ಯಾವಾಗ, ಹೋಗದಿದ್ದರೆ ಏಕೆ, ಅಲ್ಲಿ ಮಾತು ಅರ್ಥವಾಯಿತಾ. ಐವತ್ತು ಮನೆಯ ಉತ್ತರ ಸಾಕು, ಅಂಥದ್ದು ಕೌಂಟಿಯ ಬಳಿಯೂ ಇರುವುದಿಲ್ಲ.

ಹೆಜ್ಜೆ 4: ಸಂಸ್ಥೆಯ ಕಾಗದಪತ್ರ

501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆಯ ಮಾನ್ಯತೆ, ಇಐಎನ್ ಎಂಬ ಸಂಸ್ಥೆಯ ತೆರಿಗೆ ನಂಬರ್, ಬೋರ್ಡ್ ಸದಸ್ಯರ ಪಟ್ಟಿ, ಹಿಂದಿನ ವರ್ಷದ ಲೆಕ್ಕ, ಜನರಲ್ ಲಯಬಿಲಿಟಿ ವಿಮೆ. ಹೆಚ್ಚಿನ ಕೌಂಟಿಗಳು 1 ಮಿಲಿಯನ್ ಡಾಲರ್ ಮಿತಿಯ ವಿಮೆ ಕೇಳುತ್ತವೆ. ಫೆಡರಲ್ ಮೂಲದ ಹಣವಾದರೆ ಸ್ಯಾಮ್ ಡಾಟ್ ಗವ್ ಎಂಬ ಸರ್ಕಾರಿ ವೆಬ್‌ಸೈಟ್‌ನಿಂದ ಯುಇಐ, ಅಂದರೆ ಸಂಸ್ಥೆಯ ಗುರುತಿನ ನಂಬರ್ ಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ಈಮೇಲ್ ಬಂದರೆ ಅಳಿಸಿಹಾಕಿ.

501(ಸಿ)(3) ಇಲ್ಲದಿದ್ದರೆ ಫಿಸ್ಕಲ್ ಸ್ಪಾನ್ಸರ್ ಹುಡುಕಿ. ಅಂದರೆ ಮಾನ್ಯತೆ ಇರುವ ಇನ್ನೊಂದು ಸಂಸ್ಥೆ ನಿಮ್ಮ ಪರವಾಗಿ ಹಣ ಪಡೆದು ಲೆಕ್ಕ ನೋಡಿಕೊಳ್ಳುತ್ತದೆ, ಅದಕ್ಕೆ ಒಂದಿಷ್ಟು ಪಾಲು ಇಟ್ಟುಕೊಳ್ಳುತ್ತದೆ. ಶೇ. 5ರಿಂದ 10 ಸಾಮಾನ್ಯ, ಕೆಲವರು ಜಾಸ್ತಿ ಕೇಳುತ್ತಾರೆ. ಯಾರ ಕೆಲಸ ಏನು, ಹಣ ಎಷ್ಟು ದಿನದಲ್ಲಿ ನಿಮ್ಮ ಕೈಗೆ ಬರಬೇಕು ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ.

ಹೆಜ್ಜೆ 5: ಬಜೆಟ್, ಅದರಲ್ಲೂ ಸಂಬಳ

ಇಲ್ಲಿ ಸ್ವಲ್ಪ ನಿಲ್ಲಬೇಕು.

ಕಮ್ಯುನಿಟಿ ಹೆಲ್ತ್ ವರ್ಕರ್ ಅಂದರೆ ಬಹುಮಟ್ಟಿಗೆ ನಮ್ಮೂರಿನ ಆಶಾ ಕಾರ್ಯಕರ್ತೆಯ ಹಾಗೆ. ಅದೇ ಬೀದಿಯವಳು, ಅದೇ ಭಾಷೆಯವಳು, ಬಾಗಿಲು ತಟ್ಟಿದರೆ ಒಳಗೆ ಕರೆಯುತ್ತಾರೆ. ಅವಳಿಲ್ಲದೆ ಈ ಯೋಜನೆಯೇ ಇಲ್ಲ. ಆದರೂ ಅರ್ಜಿಗಳಲ್ಲಿ ಬ್ಯಾನರ್‌ಗೆ, ಟೀ ಶರ್ಟ್‌ಗೆ, ಊಟಕ್ಕೆ ಹಣ ಇರುತ್ತದೆ, ಅವಳ ಮುಂದೆ "ಸ್ವಯಂಸೇವಕಿ" ಎಂದಿರುತ್ತದೆ. ಇದು ಅನ್ಯಾಯ. ಕೆಲಸಕ್ಕೂ ನಷ್ಟ, ಯಾಕೆಂದರೆ ಎರಡು ಶಿಫ್ಟ್ ದುಡಿಯುವ ಹೆಂಗಸು ಬಿಟ್ಟಿ ಕೆಲಸಕ್ಕೆ ಎಷ್ಟು ದಿನ ಬಂದಾಳು?

ಒಂದು ವರ್ಷದ ಸಣ್ಣ ಬಜೆಟ್ ಹೀಗಿರಬಹುದು. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.

- ಹೆಲ್ತ್ ವರ್ಕರ್: ವಾರಕ್ಕೆ 20 ಗಂಟೆ, ಗಂಟೆಗೆ 25 ಡಾಲರ್, 52 ವಾರ – 26,000
- ಮೇಲ್ವಿಚಾರಕರು: ವಾರಕ್ಕೆ 5 ಗಂಟೆ, ಗಂಟೆಗೆ 35 ಡಾಲರ್ – 9,100
- ಸಂಬಳದ ಮೇಲೆ ಸಂಸ್ಥೆ ಕಟ್ಟಬೇಕಾದ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ, ಶೇ. 7.65 – 2,685
- ತರಬೇತಿ ಪಡೆದ ದುಭಾಷಿಗಳು, ಅನುವಾದ – 4,000
- ಓಡಾಟ – 3,000
- ಜಾಗ, ತಿಂಡಿ, ಸಭೆ ವೇಳೆ ಮಕ್ಕಳನ್ನು ನೋಡಿಕೊಳ್ಳುವವರು – 3,500
- ವಿಮೆ, ಅಕೌಂಟೆಂಟ್ – 4,000

ಇದು 52,285 ಡಾಲರ್. ಇದರ ಮೇಲೆ ಬಾಡಿಗೆ, ಫೋನ್, ಆಫೀಸ್ ಖರ್ಚಿಗೆ ಇನ್‌ಡೈರೆಕ್ಟ್ ಎಂದು ಒಂದು ಪಾಲು. ಫೆಡರಲ್ ಹಣವಾದರೆ, ಬೇರೆ ದರ ನಿಗದಿಯಾಗದ ಸಂಸ್ಥೆಗಳು ಶೇ. 15ರವರೆಗೆ ಕೇಳಬಹುದು. 2024ರ ಅಕ್ಟೋಬರ್‌ಗೆ ಮುಂಚೆ ಅದು ಶೇ. 10 ಇತ್ತು. ಕೌಂಟಿಯ ಸ್ವಂತ ಹಣಕ್ಕೆ ಕೌಂಟಿಯದ್ದೇ ಮಿತಿ. ಶೇ. 15 ಹಿಡಿದರೆ ಒಟ್ಟು 60,128.

ಈಗ ಸಣ್ಣ ಸಂಸ್ಥೆಗಳ ಕತ್ತು ಹಿಸುಕುವ ವಿಷಯ. ಹೆಚ್ಚಿನ ಕಾಂಟ್ರಾಕ್ಟ್‌ಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ ಕಳಿಸಬೇಕು, ಆಮೇಲೆ ಅವರು ಕೊಡುತ್ತಾರೆ. ಮೇಲಿನ ಬಜೆಟ್‌ನಲ್ಲಿ ತಿಂಗಳಿಗೆ 5,000 ಖರ್ಚು. ತಿಂಗಳು ಮುಗಿದು ಬಿಲ್ ಕಳಿಸಿದ ಮೇಲೆ ಹಣ ಬರಲು 60 ದಿನ ಹಿಡಿದರೆ 15,000 ಡಾಲರ್ ನಿಮ್ಮ ಕೈಯಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಮೂರನೇ ತಿಂಗಳು ಸಂಬಳ ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲೇ ಮುಂಗಡ ಕೇಳಿ. ಕಾಲು ಭಾಗ ಮುಂಗಡ ಕೊಡುವ ಕೌಂಟಿಗಳೂ ಇವೆ, ಆದರೆ ಕೇಳದವರಿಗೆ ಅವರಾಗಿ ಕೊಡುವುದಿಲ್ಲ. ಸಿಗದಿದ್ದರೆ ಸ್ಥಳೀಯ ಕಮ್ಯುನಿಟಿ ಫೌಂಡೇಶನ್‌ನಿಂದ ಬಡ್ಡಿ ಇಲ್ಲದ ಕೈಸಾಲ ಸಿಗುತ್ತದೆಯಾ ನೋಡಿ.

ಕಾಂಟ್ರಾಕ್ಟ್ ಮುಗಿದ ಮೇಲೆ ಅವಳ ಸಂಬಳ ಎಲ್ಲಿಂದ? ಈ ಪ್ರಶ್ನೆ ಅರ್ಜಿಯಲ್ಲೇ ಬರುತ್ತದೆ. ಕೆಲವು ರಾಜ್ಯಗಳಲ್ಲಿ ಮೆಡಿಕೇಡ್ ಹೆಲ್ತ್ ವರ್ಕರ್‌ಗಳ ಸೇವೆಗೆ ಹಣ ಕೊಡುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಇದು 2022ರ ಜುಲೈನಿಂದ ಇದೆ. ಒಂದು ಕ್ಲಿನಿಕ್ ಜೊತೆ ಸೇರಿ ಅದಕ್ಕೆ ತಯಾರಾಗುತ್ತೇವೆ ಎಂಬುದು ಒಳ್ಳೆಯ ಉತ್ತರ. ಮೆಡಿಕೇಡ್ ಇಲ್ಲದವರನ್ನು ನೋಡಿಕೊಳ್ಳುವ ಪಾಲಿಗೆ ಮಾತ್ರ ಕೌಂಟಿಯ ಹಣವೇ ಬೇಕು, ಅದನ್ನೂ ಮುಚ್ಚಿಡದೆ ಬರೆಯಿರಿ.

ಹೆಜ್ಜೆ 6: ಏನು ಮಾಡುತ್ತೀರಿ ಅಂತ ಬರೆಯುವುದು

"ಜಾಗೃತಿ ಮೂಡಿಸುತ್ತೇವೆ" ಎಂಬ ವಾಕ್ಯಕ್ಕೆ ಅಂಕ ಬರುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: "ನೇಪಾಳಿ ಮಾತನಾಡುವ 120 ಹಿರಿಯರ ಬಿಪಿಯನ್ನು ವರ್ಷದಲ್ಲಿ ಎರಡು ಸಲ ನೋಡುತ್ತೇವೆ. ಹೆಚ್ಚು ಬಂದವರಿಗೆ 14 ದಿನದೊಳಗೆ ಕ್ಲಿನಿಕ್ ಅಪಾಯಿಂಟ್‌ಮೆಂಟ್ ಕೊಡಿಸುತ್ತೇವೆ. ಅವರಲ್ಲಿ ಎಷ್ಟು ಜನ ನಿಜವಾಗಿ ಹೋದರು ಎಂದು ಲೆಕ್ಕ ಇಡುತ್ತೇವೆ." ಕೊನೆಯ ವಾಕ್ಯವೇ ಮುಖ್ಯ. ಶಿಬಿರಕ್ಕೆ ಬಂದವರ ಸಂಖ್ಯೆ ಎಲ್ಲರೂ ಕೊಡುತ್ತಾರೆ. ಡಾಕ್ಟರ್ ತನಕ ತಲುಪಿದವರ ಸಂಖ್ಯೆ ಕೊಡುವವರು ಕಡಿಮೆ.

ಗುರಿಯನ್ನು ಉಬ್ಬಿಸಬೇಡಿ. ಬರೆದ ಸಂಖ್ಯೆ ಕಾಂಟ್ರಾಕ್ಟ್‌ಗೆ ಹಾಗೇ ಇಳಿಯುತ್ತದೆ.

ಆಸ್ಪತ್ರೆ ಭೇಟಿಯಲ್ಲಿ ಮಕ್ಕಳನ್ನು ದುಭಾಷಿ ಮಾಡುವುದಿಲ್ಲ ಎಂದೂ ಬರೆಯಿರಿ. ಅಮ್ಮನ ಗರ್ಭಪಾತದ ವಿಷಯವನ್ನು ಹನ್ನೊಂದು ವರ್ಷದ ಮಗ ಹೇಳಬೇಕಾಗಿ ಬರಬಾರದು, ಅಲ್ವಾ? ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಇಂಗ್ಲಿಷ್ ಬಾರದವರಿಗೆ ಭಾಷಾ ನೆರವು ಕೊಡಲೇಬೇಕು. 1964ರ ಸಿವಿಲ್ ರೈಟ್ಸ್ ಕಾಯ್ದೆಯ ಟೈಟಲ್ 6, 2010ರ ಆರೋಗ್ಯ ಕಾನೂನಿನ ಸೆಕ್ಷನ್ 1557 ಎರಡೂ ಅದಕ್ಕೆ ಆಧಾರ. ದುಭಾಷಿಯನ್ನು ಕೇಳಿ ಪಡೆಯುವುದು ಹೇಗೆಂದು ಜನರಿಗೆ ಕಲಿಸುವುದೂ ನಿಮ್ಮ ಕೆಲಸದ ಭಾಗವಾಗಲಿ.

ಹೆಜ್ಜೆ 7: ಬರೆದಿಟ್ಟುಕೊಳ್ಳಬಾರದ್ದು

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ವರದಿ ಚೆನ್ನಾಗಿ ಬರಲಿ ಎಂಬ ಉತ್ಸಾಹದಲ್ಲಿ ಹೆಸರು, ವಿಳಾಸ, ಹುಟ್ಟಿದ ದೇಶ, ವೀಸಾ ಯಾವುದು ಎಂದೆಲ್ಲ ಎಕ್ಸೆಲ್‌ನಲ್ಲಿ ತುಂಬಿಸುವವರಿದ್ದಾರೆ. ಬೇಡ. ವಲಸೆ ಸ್ಥಿತಿಯನ್ನು ಕೇಳಲೇಬೇಡಿ. ನಿಮ್ಮ ಬಳಿ ಇಲ್ಲದ ಮಾಹಿತಿಯನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲಾರರು.

ಕೌಂಟಿಗೆ ಕಳಿಸಿದ ಕಾಗದ ಸಾರ್ವಜನಿಕ ದಾಖಲೆಯಾಗುತ್ತದೆ, ಯಾರು ಬೇಕಾದರೂ ಅರ್ಜಿ ಹಾಕಿ ಕೇಳಬಹುದು ಎಂಬುದು ನೆನಪಿರಲಿ. ಆದ್ದರಿಂದ ವರದಿಯಲ್ಲಿ ಒಟ್ಟು ಸಂಖ್ಯೆ ಮಾತ್ರ ಹೋಗಲಿ. ಒಂದು ಗುಂಪಿನಲ್ಲಿ ನಾಲ್ಕೈದೇ ಜನ ಇದ್ದರೆ ಅದನ್ನು ಬಿಡಿಸಿ ತೋರಿಸಬೇಡಿ, ಸಣ್ಣ ಊರಿನಲ್ಲಿ ಅಷ್ಟೇ ಸಾಕು ಗುರುತು ಹಿಡಿಯಲು. ಫಾಲೋ ಅಪ್‌ಗೆ ಹೆಸರು, ಫೋನ್ ನಂಬರ್ ಬೇಕೇ ಬೇಕು ಅಂದರೆ ಬೇರೆ ಕಡೆ ಪಾಸ್‌ವರ್ಡ್ ಹಾಕಿ ಇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಎಷ್ಟು ದಿನ ಇಡಬೇಕು ಎಂದು ಕಾಂಟ್ರಾಕ್ಟ್ ಏನು ಹೇಳುತ್ತದೆ ಎಂಬುದನ್ನು ಮೊದಲೇ ಓದಿ.

1996ರ ಅದೇ ಕಾನೂನಿನಲ್ಲಿ, ಲಾಭರಹಿತ ದತ್ತಿ ಸಂಸ್ಥೆಗಳು ಫೆಡರಲ್ ಸೌಲಭ್ಯ ಕೊಡುವಾಗ ಜನರ ವಲಸೆ ಸ್ಥಿತಿ ಪರೀಕ್ಷಿಸಬೇಕಿಲ್ಲ ಎಂಬ ವಿನಾಯಿತಿಯೂ ಇದೆ. ಆದರೆ ಕಾಂಟ್ರಾಕ್ಟ್‌ನಲ್ಲಿ ಬೇರೆ ಷರತ್ತು ತೂರಿಸಿರಬಹುದು. ಸಹಿಗೆ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಲಾಭರಹಿತ ಸಂಸ್ಥೆಗಳಿಗೆ ಉಚಿತವಾಗಿ ನೋಡಿಕೊಡುವ ವಕೀಲರು ಬಹಳಷ್ಟು ಊರುಗಳಲ್ಲಿದ್ದಾರೆ.

"ಕ್ಲಿನಿಕ್‌ಗೆ ಹೋದರೆ ಗ್ರೀನ್ ಕಾರ್ಡ್‌ಗೆ ತೊಂದರೆ ಆಗುತ್ತಾ?" ಈ ಪ್ರಶ್ನೆ ನಿಮ್ಮ ಹೆಲ್ತ್ ವರ್ಕರ್‌ಗೆ ಬಂದೇ ಬರುತ್ತದೆ. ಸರ್ಕಾರದ ಕೆಲವು ನೆರವು ಪಡೆದರೆ ಗ್ರೀನ್ ಕಾರ್ಡ್ ಕಷ್ಟವಾಗುವಂತೆ ಮಾಡಿದ 2019ರ ಪಬ್ಲಿಕ್ ಚಾರ್ಜ್ ನಿಯಮ 2021ರಲ್ಲಿ ಹೋಯಿತು, ಅದು ಹುಟ್ಟಿಸಿದ ಭಯ ಹೋಗಲಿಲ್ಲ. ಅವಳು ತಾನೇ ಕಾನೂನು ಸಲಹೆ ಕೊಡಬಾರದು. ನಂಬಿಕಸ್ಥ ವಲಸೆ ವಕೀಲರ ನಂಬರ್ ಅವಳ ಬಳಿ ಇರಬೇಕು, ಬಜೆಟ್‌ನಲ್ಲಿ ಅದಕ್ಕೂ ಸ್ವಲ್ಪ ಹಣ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 8: ಬಜೆಟ್ ಸಭೆಯಲ್ಲಿ ಮಾತನಾಡುವುದು

ಸಾರ್ವಜನಿಕರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಯಾರು, ಎಲ್ಲಿಯವರು, ಏನು ತೊಂದರೆ, ಎಷ್ಟು ಹಣ, ಯಾವ ಇಲಾಖೆಯ ಯಾವ ಸಾಲಿನಲ್ಲಿ. ಮುಗಿಯಿತು. ಸಮುದಾಯದ ಒಬ್ಬರು ತಮ್ಮ ಭಾಷೆಯಲ್ಲೇ ಮಾತನಾಡಲಿ. ದುಭಾಷಿ ಬೇಕೆಂದು ಕ್ಲರ್ಕ್ ಕಚೇರಿಗೆ ಕೆಲವು ದಿನ ಮುಂಚೆಯೇ ತಿಳಿಸಿ, ಅನುವಾದಕ್ಕೆ ಹೆಚ್ಚುವರಿ ಸಮಯ ಕೇಳಿ. ವಲಸೆ ಸ್ಥಿತಿ ಭದ್ರವಿಲ್ಲದವರನ್ನು ಮೈಕ್ ಮುಂದೆ ನಿಲ್ಲಿಸಬೇಡಿ. ಆ ಸಭೆಗಳ ವಿಡಿಯೋ ಇಂಟರ್ನೆಟ್‌ನಲ್ಲಿ ಉಳಿಯುತ್ತದೆ.

ಸಿಗದಿದ್ದರೆ

ಮೊದಲ ಅರ್ಜಿ ತಿರಸ್ಕಾರವಾಗುವುದು ಮಾಮೂಲು. ಸುಮ್ನೆ ಕೂರಬೇಡಿ. ನಿಮ್ಮ ಅರ್ಜಿಗೆ ಯಾವ ಭಾಗದಲ್ಲಿ ಎಷ್ಟು ಅಂಕ ಬಂತು ಎಂದು ಖರೀದಿ ವಿಭಾಗಕ್ಕೆ ಬರೆದು ಕೇಳಿ. ಗೆದ್ದವರ ಅರ್ಜಿಯನ್ನೂ ಸಾರ್ವಜನಿಕ ದಾಖಲೆಯಾಗಿ ತರಿಸಿಕೊಂಡು ಓದಿ. ಗೆದ್ದ ದೊಡ್ಡ ಸಂಸ್ಥೆಗೆ ನಿಮ್ಮ ಭಾಷೆಯ ಜನ ಇಲ್ಲದಿದ್ದರೆ ಅವರ ಕೆಳಗೆ ಸಬ್ ಕಾಂಟ್ರಾಕ್ಟ್ ಕೇಳಿ. ಆಗಲೂ ಹೆಲ್ತ್ ವರ್ಕರ್ ಸಂಬಳ ಮತ್ತು ಆಫೀಸ್ ಖರ್ಚಿನ ಪಾಲು ಬಿಡಬೇಡಿ.

ಇನ್ನೊಂದು ದಾರಿ ಇದೆ. ಅರ್ಜಿಗಳನ್ನು ಓದಿ ಅಂಕ ಹಾಕಲು ಸಮುದಾಯದವರನ್ನು ಕೌಂಟಿಗಳು ಹುಡುಕುತ್ತಿರುತ್ತವೆ. ನೀವು ಅರ್ಜಿ ಹಾಕದ ಬೇರೆ ನಿಧಿಗೆ ನಿಮ್ಮ ಬೋರ್ಡ್‌ನ ಒಬ್ಬರು ಹೆಸರು ಕೊಡಲಿ. ಹತ್ತಾರು ಅರ್ಜಿ ಓದಿ ಅಂಕ ಹಾಕಿದವರಿಗೆ ನಿಮ್ಮ ಮುಂದಿನ ಅರ್ಜಿಯ ಯಾವ ಪುಟ ತೆಳುವಾಗಿದೆ ಎಂದು ಹೇಳಲು ಹೊರಗಿನವರು ಬೇಕಾಗುವುದಿಲ್ಲ.